ಕೃಷ್ಣ ಅವರು ಸಹಿ ಹಾಕಿದ ಆ ಪ್ರವಾಸಿ ವೀಸಾ ಏನಾಯಿತು? ವಿದೇಶಾಂಗ ಮತ್ತು ಗೃಹ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ವಿದೇಶಾಂಗ ಸಚಿವರಿಗೆ ಮತ್ತು ಮಾನ್ಯ ಗೃಹ ಸಚಿವರಿಗೆ,

ನಮಸ್ಕಾರ.

ನಾನು ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತನಾದವನು. ಪಾಕಿಸ್ತಾನಕ್ಕೆ ಪ್ರವಾಸಿಯಾಗಿ ಹೋಗಿಬರಬೇಕು ಎಂಬ ಆಸೆ ನನಗೆ ಬಹಳ ವರ್ಷಗಳಿಂದ ಇದೆ. ಮೊಹೆಂಜೊದಾರೊ ನೋಡಬೇಕು, ಹರಪ್ಪ ನೋಡಬೇಕು, ತಕ್ಷಶಿಲೆಯಲ್ಲಿ ಒಂದು ದಿನ ಓಡಾಡಬೇಕು. ಅಲ್ಲಿ ನನಗೆ ನೆಂಟರಿಲ್ಲ. ವ್ಯಾಪಾರವಿಲ್ಲ. ತೀರಿಸಬೇಕಾದ ಹರಕೆಯೂ ಇಲ್ಲ. ಸುಮ್ನೆ ನೋಡಿಕೊಂಡು ಬರಬೇಕು, ಅಷ್ಟೇ. ಹೀಗೆ ನೋಡುವುದಕ್ಕೆ ಮಾತ್ರ ಹೋಗುವವರಿಗೆ ಎರಡೂ ದೇಶಗಳ ವೀಸಾ ವ್ಯವಸ್ಥೆಯಲ್ಲಿ ದಾರಿಯೇ ಇಲ್ಲ. ಆ ಬಗ್ಗೆ ನಿಮಗೆ ಬರೆಯುತ್ತಿದ್ದೇನೆ.

ಇಂಥ ಕಾಲದಲ್ಲಿ ಇಂಥ ಪತ್ರ ಬೇಕಾ ಎಂದು ನನ್ನ ಮನೆಯಲ್ಲೇ ಕೇಳಿದರು. 2025ರ ಏಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ 26 ಜನರನ್ನು ಕೊಂದರು. ಅವರಲ್ಲಿ ಹೆಚ್ಚಿನವರು ಪ್ರವಾಸಿಗರು. ಹೆಂಡತಿ ಮಕ್ಕಳ ಜೊತೆ ರಜೆಗೆ ಹೋದವರು. ಶಿವಮೊಗ್ಗಕ್ಕೂ ಬೆಂಗಳೂರಿಗೂ ಶವಪೆಟ್ಟಿಗೆ ಬಂತು. ಆ ಮನೆಗಳವರ ಮುಂದೆ ನಿಂತು ಪಾಕಿಸ್ತಾನ ಪ್ರವಾಸದ ಮಾತಾಡುವ ಧೈರ್ಯ ನನಗಿಲ್ಲ. ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ. ನಾಳೆ ಬೆಳಿಗ್ಗೆ ಪಂಜಾಬ್ ಗಡಿಯ ಅಟ್ಟಾರಿ ಗೇಟು ತೆಗೆಯಿರಿ ಎಂದು ನಾನು ಕೇಳುತ್ತಿಲ್ಲ. ಯಾವಾಗ ತೆಗೆಯಬೇಕು ಎಂಬುದು ಸರ್ಕಾರದ ತೀರ್ಮಾನ. ಅದಕ್ಕೆ ಬೇಕಾದ ಮಾಹಿತಿ ಇರುವುದು ನಿಮ್ಮ ಬಳಿ, ನನ್ನ ಬಳಿ ಅಲ್ಲ. ನಾನು ಕೇಳುವುದು ಇಷ್ಟು: ತೆಗೆಯುವ ದಿನ ಬಂದಾಗ, 2012ರಲ್ಲಿ ಎರಡೂ ದೇಶಗಳು ಕೂತು ಬರೆದು ಸಹಿ ಹಾಕಿದ ಗುಂಪು ಪ್ರವಾಸಿ ವೀಸಾದಿಂದಲೇ ಶುರು ಮಾಡಿ. ಅದಕ್ಕೆ ಬೇಕಾದ ತಯಾರಿಯನ್ನು ಗೇಟು ಮುಚ್ಚಿರುವ ಈ ಹೊತ್ತಿನಲ್ಲೇ ಮಾಡಿ.

ಆ ಒಪ್ಪಂದದ ಕತೆ ಎಷ್ಟೋ ಜನರಿಗೆ ಗೊತ್ತಿಲ್ಲ. ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

2012ರ ಸೆಪ್ಟೆಂಬರ್ 8ರಂದು ಇಸ್ಲಾಮಾಬಾದಿನಲ್ಲಿ ಸಹಿ ಬಿತ್ತು. ನಮ್ಮ ಕಡೆಯಿಂದ ಸಹಿ ಹಾಕಿದವರು ಆಗಿನ ವಿದೇಶಾಂಗ ಸಚಿವ ಎಸ್.ಎಂ. ಕೃಷ್ಣ. ಆ ಕಡೆಯಿಂದ ಅಲ್ಲಿನ ಒಳಾಡಳಿತ ಸಚಿವ ರೆಹಮಾನ್ ಮಲಿಕ್. ಅಲ್ಲಿಯವರೆಗೆ ನಡೆಯುತ್ತಿದ್ದದ್ದು 1974ರ ಒಪ್ಪಂದ. ಮದ್ದೂರು ತಾಲ್ಲೂಕಿನ ಸೋಮನಹಳ್ಳಿಯವರೊಬ್ಬರು ಹಾಕಿದ ಸಹಿ ಅದು ಎಂಬ ಕಾರಣಕ್ಕೆ ನನಗೆ ಅದರ ಮೇಲೆ ಸ್ವಲ್ಪ ಜಾಸ್ತಿಯೇ ಅಭಿಮಾನ ಇದೆ.

ಅದರಲ್ಲಿ ಏನೇನಿತ್ತು ನೋಡಿ. ನೆಂಟರನ್ನು, ಸ್ನೇಹಿತರನ್ನು ಕಾಣಲು ಹೋಗುವವರಿಗೆ ಮೂರು ಊರುಗಳ ಬದಲು ಐದು ಊರು. 65 ವರ್ಷ ದಾಟಿದವರಿಗೆ ಅಟ್ಟಾರಿ–ವಾಘಾ ಗಡಿಯಲ್ಲೇ 45 ದಿನಗಳ ವೀಸಾ. ವಿಮಾನದಲ್ಲಿ ಬರುವವರಿಗೆ ದೆಹಲಿ, ಮುಂಬೈ ಜೊತೆಗೆ ಚೆನ್ನೈ ಕೂಡ. ಇವೆಲ್ಲದರ ಜೊತೆಗೆ, ಪ್ರವಾಸಿಗೂ ಒಂದು ಪ್ರತ್ಯೇಕ ವರ್ಗ. 10 ಜನಕ್ಕಿಂತ ಕಡಿಮೆ ಇರಬಾರದು, 50 ಮೀರಬಾರದು. ಸರ್ಕಾರ ಒಪ್ಪಿದ ಟೂರ್ ಆಪರೇಟರ್ ಮೂಲಕವೇ ಅರ್ಜಿ ಹಾಕಬೇಕು. 30 ದಿನಗಳ ವೀಸಾ, ವಿಸ್ತರಣೆ ಇಲ್ಲ. ಒಬ್ಬಂಟಿ ಪ್ರವಾಸಿಗೆ ಅದರಲ್ಲೂ ಅವಕಾಶ ಇರಲಿಲ್ಲ. ಆದರೂ ನನ್ನಂಥವನಿಗೆ ಅದು ದೊಡ್ಡದು. ಒಂಬತ್ತು ಜನ ಆಸಕ್ತರನ್ನು ಹುಡುಕುವುದು ಕಷ್ಟವೇ? ಇತಿಹಾಸದ ಮೇಷ್ಟ್ರುಗಳೇ ಒಂದು ಬಸ್ಸು ತುಂಬುತ್ತಾರೆ.

ಒಪ್ಪಂದ 2012ರ ಡಿಸೆಂಬರ್ 15ರಿಂದ ಜಾರಿಗೆ ಬಂತು. ಹಿರಿಯರ ವೀಸಾ 2013ರ ಜನವರಿ 15ಕ್ಕೆ, ಗುಂಪು ಪ್ರವಾಸಿ ವೀಸಾ ಮಾರ್ಚ್ 15ಕ್ಕೆ ಎಂದು ದಿನವೂ ಗೊತ್ತಾಯಿತು. ಅಷ್ಟರಲ್ಲಿ ಜನವರಿ 8ರಂದು ಗಡಿ ನಿಯಂತ್ರಣ ರೇಖೆಯಲ್ಲಿ ನಮ್ಮ ಇಬ್ಬರು ಯೋಧರನ್ನು ಕೊಂದರು. ಒಬ್ಬರ ತಲೆಯನ್ನೇ ಕಡಿದರು. ದೇಶವೆಲ್ಲಾ ಕುದಿಯಿತು. ಶುರುವಾಗಬೇಕಿದ್ದ ಜನವರಿ 15ರಂದೇ ಹಿರಿಯರ ವೀಸಾವನ್ನು ತಡೆಹಿಡಿದರು. ಮಾರ್ಚ್‌ನಲ್ಲಿ ಶ್ರೀನಗರದಲ್ಲಿ ಸಿಆರ್‌ಪಿಎಫ್ ಮೇಲೆ ದಾಳಿಯಾಯಿತು. ಗುಂಪು ಪ್ರವಾಸಿ ವೀಸಾ ಕೂಡ ಮುಂದಕ್ಕೆ ಹೋಯಿತು.

ಆಗ ಮುಂದೂಡಿದ್ದು ತಪ್ಪು ಎಂದು ನಾನು ವಾದಿಸುವುದಿಲ್ಲ. ನನ್ನ ದೂರು ಆಮೇಲಿನದರ ಬಗ್ಗೆ. ಮುಂದೂಡಿದ ಮೇಲೆ ಅದನ್ನು ಮತ್ತೆ ಕೈಗೆತ್ತಿಕೊಂಡು ನಮ್ಮಂಥ ಜನರಿಗೆ ತಲುಪಿಸಲೇ ಇಲ್ಲ. ರದ್ದು ಮಾಡಿದ್ದೇವೆ ಎಂದೂ ಹೇಳಲಿಲ್ಲ, ಕೊಡುತ್ತೇವೆ ಎಂದೂ ಹೇಳಲಿಲ್ಲ. ಸರ್ಕಾರ ಬದಲಾಯಿತು, ಸಚಿವರು ಬದಲಾದರು, ಕೃಷ್ಣ ಅವರು 2024ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಆ ಸಾಲುಗಳು ಕಾಗದದಲ್ಲೇ ಉಳಿದವು.

ವೀಸಾ ನಡೆಯುತ್ತಿದ್ದ ದಿನಗಳಲ್ಲೂ ಪಾಕಿಸ್ತಾನಕ್ಕೆ ಹೋಗುವುದು ಹೇಗಿತ್ತು ಎಂದು ಗೊತ್ತಿಲ್ಲದವರಿಗೆ ಹೇಳುತ್ತೇನೆ. ಅರ್ಜಿ ಕೊಡಬೇಕಾದ್ದು ದೆಹಲಿಯ ಪಾಕಿಸ್ತಾನ ಹೈಕಮಿಷನ್‌ಗೆ. ದಕ್ಷಿಣದಲ್ಲಿ ಅವರ ಕಚೇರಿ ಇಲ್ಲ, ಮುಂಬೈಯಲ್ಲೂ ಇಲ್ಲ. ಕರಾಚಿಯಲ್ಲಿದ್ದ ನಮ್ಮ ಕಾನ್ಸುಲೇಟ್ 1994ರಲ್ಲೇ ಮುಚ್ಚಿತು. ಅಂದರೆ ಸಿಂಧ್‌ನಲ್ಲಿರುವವರೂ ಇಸ್ಲಾಮಾಬಾದಿನತ್ತಲೇ ಮುಖ ಮಾಡಬೇಕು. ಅರ್ಜಿಯ ಜೊತೆ ಅಲ್ಲಿರುವ ಒಬ್ಬರು ಕರೆದಿರಬೇಕು. ಅವರ ಪತ್ರ ಬೇಕು, ಗುರುತಿನ ಚೀಟಿಯ ಪ್ರತಿ ಬೇಕು, ವಿಳಾಸ ಬೇಕು. ವೀಸಾ ಸಿಕ್ಕರೆ ಅದು ದೇಶಕ್ಕೆ ಸಿಗುವ ವೀಸಾ ಅಲ್ಲ, ಊರುಗಳಿಗೆ ಸಿಗುವ ವೀಸಾ. ಲಾಹೋರ್ ಎಂದು ಬರೆದಿದ್ದರೆ ಲಾಹೋರ್ ಮಾತ್ರ. ಪಕ್ಕದ ಊರಿಗೆ ಹೋಗಿಬರುತ್ತೇನೆ ಎನ್ನುವಂತಿಲ್ಲ. ವಿನಾಯಿತಿ ಇಲ್ಲದವರು ತಲುಪಿದ 24 ಗಂಟೆಯೊಳಗೆ ಪೊಲೀಸರಿಗೆ ವರದಿ ಮಾಡಿಕೊಳ್ಳಬೇಕು. ಹೊರಡುವ ಮೊದಲೂ ಅಷ್ಟೇ. ಅಲ್ಲಿಂದ ಇಲ್ಲಿಗೆ ಬರುವವರಿಗೂ ಇದೇ ಪಾಡು. ಈ ವಿಷಯದಲ್ಲಿ ಎರಡೂ ದೇಶಗಳು ಒಂದನ್ನೊಂದು ನೋಡಿಕೊಂಡೇ ನಿಯಮ ಬರೆದಿವೆ.

ನಾನು ಒಬ್ಬ ಟ್ರಾವೆಲ್ ಏಜೆಂಟರನ್ನು ವಿಚಾರಿಸಿದ್ದೆ. ಬೇರೆ ದೇಶಗಳ ವೀಸಾ ಕೆಲಸದಲ್ಲಿ ಪಳಗಿದವರು. ಅವರು ನನ್ನ ಪಾಸ್‌ಪೋರ್ಟ್ ಕೇಳಲಿಲ್ಲ, ಬ್ಯಾಂಕ್ ಸ್ಟೇಟ್‌ಮೆಂಟ್ ಕೇಳಲಿಲ್ಲ. ‘ಸಾರ್, ಅಲ್ಲಿ ನಿಮಗೆ ಯಾರಿದ್ದಾರೆ?’ ಎಂದು ಕೇಳಿದರು. ಯಾರೂ ಇಲ್ಲ ಅಂದೆ. ‘ಹಾಗಾದ್ರೆ ಆಗಲ್ಲ ಸಾರ್’ ಎಂದು ಅಲ್ಲಿಗೇ ಮಾತು ಮುಗಿಸಿದರು. ಅವರದೇನೂ ತಪ್ಪಿಲ್ಲ. ಇದ್ದದ್ದನ್ನು ಹೇಳಿದರು.

ಇದೇ ಕಾಲದಲ್ಲಿ ಬೇರೆಯವರಿಗೆ ಬಾಗಿಲು ಅಗಲವಾಗುತ್ತಾ ಹೋಯಿತು. 2019ರಲ್ಲಿ ಪಾಕಿಸ್ತಾನ 175 ದೇಶಗಳವರಿಗೆ ಆನ್‌ಲೈನ್ ವೀಸಾ ಎಂದು ಘೋಷಿಸಿತು. ನಾವು ಅದಕ್ಕೂ ಮೊದಲೇ ಇ-ವೀಸಾ ಶುರು ಮಾಡಿದ್ದೆವು. ಜರ್ಮನಿಯ, ಜಪಾನಿನ ಪ್ರವಾಸಿ ಮನೆಯಲ್ಲಿ ಕೂತು ಎರಡೂ ದೇಶದ ವೀಸಾ ಮಾಡಿಸಿಕೊಂಡು, ಅಮೃತಸರದ ಸ್ವರ್ಣ ಮಂದಿರ ನೋಡಿ, ಅಟ್ಟಾರಿಯಲ್ಲಿ ಗಡಿ ದಾಟಿ, ಅದೇ ದಿನ ಲಾಹೋರ್ ಕೋಟೆಯ ಮುಂದೆ ಫೋಟೊ ತೆಗೆಸಿಕೊಳ್ಳುತ್ತಿದ್ದ. ಎರಡೂ ಊರಿನ ನಡುವೆ ಸುಮಾರು 50 ಕಿಲೋಮೀಟರ್. ಅಮೃತಸರದವರಿಗೆ, ಲಾಹೋರಿನವರಿಗೆ ಮಾತ್ರ ಅದು ಆಗದ ಮಾತು. ಅವರು ಸಂಜೆ ಹೊತ್ತು ಗೇಟಿನ ಎರಡು ಬದಿಯಲ್ಲಿ ಕೂತು, ಧ್ವಜ ಇಳಿಸುವ ಕವಾಯತು ನೋಡಿ, ಘೋಷಣೆ ಕೂಗಿ ಮನೆಗೆ ಹೋಗುತ್ತಿದ್ದರು.

ನಮ್ಮ ವೀಸಾ ಅರ್ಜಿಯಲ್ಲಿ ಒಂದು ಪ್ರಶ್ನೆ ಇದೆ. ಅರ್ಜಿ ಹಾಕುವವರು ಯಾವ ದೇಶದವರೇ ಇರಲಿ, ನಿಮ್ಮ ತಂದೆ ತಾಯಿ ಅಥವಾ ಅಜ್ಜ ಅಜ್ಜಿ ಪಾಕಿಸ್ತಾನದ ಪ್ರಜೆಗಳಾಗಿದ್ದರೇ ಎಂದು ಕೇಳುತ್ತದೆ. ತಂದೆ ಕಡೆಯೂ, ತಾಯಿ ಕಡೆಯೂ. ಹೌದು ಎಂದರೆ ಇ-ವೀಸಾ ಇಲ್ಲ. ಸಾಮಾನ್ಯ ವೀಸಾಕ್ಕೆ ನಮ್ಮ ರಾಯಭಾರ ಕಚೇರಿಗೆ ಹೋಗಬೇಕು. 1960ರ ದಶಕದಲ್ಲಿ ಮಂಗ್ಲಾ ಅಣೆಕಟ್ಟಿನಲ್ಲಿ ಊರು ಮುಳುಗಿ ಮೀರ್ಪುರದ ಕಡೆಯವರು ಎಷ್ಟೋ ಜನ ಇಂಗ್ಲೆಂಡಿನ ಬ್ರಾಡ್‌ಫರ್ಡ್‌ಗೆ ಹೋಗಿ ನೆಲೆಸಿದರು. ಅವರ ಮೊಮ್ಮಗಳು ಇಂಗ್ಲೆಂಡಿನಲ್ಲೇ ಹುಟ್ಟಿ, ಅಲ್ಲೇ ಓದಿ, ಪಾಕಿಸ್ತಾನವನ್ನು ಒಮ್ಮೆಯೂ ನೋಡಿರದಿದ್ದರೂ ತಾಜಮಹಲ್ ನೋಡಲು ಬರಬೇಕೆಂದರೆ ಅಜ್ಜನ ಪೌರತ್ವಕ್ಕೆ ಉತ್ತರ ಕೊಡಬೇಕು.

ಆ ಪ್ರಶ್ನೆ ಯಾಕೆ ಬಂತು ಎಂಬುದು ನನಗೆ ಅರ್ಥವಾಗುತ್ತದೆ. 26/11ರ ದಾಳಿಗೆ ಜಾಗ ನೋಡಿಕೊಂಡು ಹೋದ ಡೇವಿಡ್ ಹೆಡ್ಲಿ ಅಮೆರಿಕದ ಪಾಸ್‌ಪೋರ್ಟ್ ಹಿಡಿದು ಬಂದಿದ್ದ. ದಾವೂದ್ ಗಿಲಾನಿ ಎಂಬ ಹೆಸರನ್ನು ಬದಲಿಸಿಕೊಂಡು ಬಂದಿದ್ದ. ಅಂಥವನು ಮತ್ತೊಮ್ಮೆ ನುಸುಳಬಾರದು. ತಪಾಸಣೆ ಬಿಗಿ ಇರಲಿ, ಇರಲೇಬೇಕು. ಆದರೆ ಆ ದಾಳಿಯಲ್ಲಿ ಬಂದೂಕು ಹಿಡಿದ ಹತ್ತು ಮಂದಿ ಸಮುದ್ರದಿಂದ ಬಂದರು, ಯಾರ ವೀಸಾವನ್ನೂ ಕೇಳಲಿಲ್ಲ. ಕೊಲ್ಲಲು ಬರುವವನು ಸುಳ್ಳು ಹೆಸರಲ್ಲಿ ಬರುತ್ತಾನೆ, ಇಲ್ಲವೇ ಕಳ್ಳ ದಾರಿಯಲ್ಲಿ ಬರುತ್ತಾನೆ. ತನ್ನ ಹೆಸರು, ವಿಳಾಸ, ಹೋಗುವ ಊರು, ಉಳಿಯುವ ಹೋಟೆಲು, ಹೊರಡುವ ದಿನ ಎಲ್ಲವನ್ನೂ 45 ದಿನ ಮೊದಲೇ ಬರೆದುಕೊಟ್ಟು, 20 ಜನರ ಗುಂಪಿನಲ್ಲಿ, ಗೈಡ್ ಜೊತೆ ಬಸ್ಸಿನಲ್ಲಿ ಸುತ್ತುವ ಮನುಷ್ಯನನ್ನು ನೋಡಿಕೊಳ್ಳುವುದು ನಿಮ್ಮ ಇಲಾಖೆಗೆ ಕಷ್ಟವಲ್ಲ. ಗುಂಪು ಪ್ರವಾಸಿ ವೀಸಾದಿಂದಲೇ ಶುರು ಮಾಡಿ ಎಂದು ನಾನು ಒತ್ತಿ ಹೇಳುವುದು ಇದೇ ಕಾರಣಕ್ಕೆ.

ಇದಕ್ಕೆ ಉದಾಹರಣೆಯನ್ನು ನೀವೇ ಕೊಟ್ಟಿದ್ದೀರಿ. 2025ರ ನವೆಂಬರ್‌ನಲ್ಲಿ, ಪಹಲ್ಗಾಮ್ ಆಗಿ, ಆಪರೇಷನ್ ಸಿಂಧೂರ ಆಗಿ, ವಾಯುಮಾರ್ಗಗಳು ಮುಚ್ಚಿದ್ದಾಗ, ಗುರುನಾನಕ್ ಜಯಂತಿಗೆ ಸಿಖ್ ಜಾಥಾ, ಅಂದರೆ ಯಾತ್ರಿಕರ ಗುಂಪು, ಅಟ್ಟಾರಿಯ ಮೂಲಕ ಪಾಕಿಸ್ತಾನದ ನನ್‌ಕಾನಾ ಸಾಹಿಬ್‌ಗೆ ಹೋಯಿತು. 1974ರ ಯಾತ್ರಾಸ್ಥಳಗಳ ಶಿಷ್ಟಾಚಾರ ಒಪ್ಪಂದ ಇನ್ನೂ ಜೀವಂತ ಇದೆ ಎಂಬುದಕ್ಕೆ ಅದೇ ಸಾಕ್ಷಿ. ಆ ಜಾಥಾದ ಒಬ್ಬ ಮಹಿಳೆ ವಾಪಸ್ ಬರಲಿಲ್ಲ ಎಂಬುದು ಸುದ್ದಿಯಾಯಿತು. ನೋಡಿ, ಹೀಗೇ ಆಗೋದು ಎಂದು ಕೆಲವರು ಹೇಳಿದರು. ನನಗೆ ಅದರಲ್ಲಿ ಬೇರೊಂದು ಕಂಡಿತು. ಸಾವಿರಾರು ಜನ ಹೋಗಿ ಬಂದಾಗ ಒಬ್ಬರು ಕಡಿಮೆ ಬಂದದ್ದು ತಕ್ಷಣ ಗೊತ್ತಾಯಿತಲ್ಲ! ಪಟ್ಟಿ ಇತ್ತು, ಎಣಿಕೆ ಇತ್ತು, ಅದಕ್ಕೇ ಗೊತ್ತಾಯಿತು. ಯಾತ್ರಿಕರ ಗುಂಪಿಗೆ ಮಾಡಲು ಸಾಧ್ಯವಾದದ್ದು ಪ್ರವಾಸಿಗರ ಗುಂಪಿಗೆ ಯಾಕೆ ಸಾಧ್ಯವಿಲ್ಲ?

ಯಾತ್ರಿಕರ ಬಗ್ಗೆ ಎರಡೂ ದೇಶಗಳಿಗೆ ಇರುವ ಗೌರವ ನನಗೂ ಇದೆ. ಕರ್ತಾರ್‌ಪುರ ಕಾರಿಡಾರ್ (ಪಾಕಿಸ್ತಾನದ ಗುರುದ್ವಾರಕ್ಕೆ ಹೋಗುವ ದಾರಿ) 2019ರ ನವೆಂಬರ್ 9ರಂದು ತೆರೆದಾಗ ನನಗೆ ಕಣ್ಣು ತುಂಬಿ ಬಂದಿತ್ತು. ವೀಸಾ ಇಲ್ಲದೆ, ದಿನಕ್ಕೆ 5,000 ಜನರವರೆಗೆ, ಬೆಳಿಗ್ಗೆ ಹೋಗಿ ಸಂಜೆ ಬರುವ ವ್ಯವಸ್ಥೆ. ಅದಕ್ಕೂ ಮೂರು ತಿಂಗಳ ಹಿಂದಷ್ಟೇ ಸಂಝೋತಾ ರೈಲು, ದೆಹಲಿ–ಲಾಹೋರ್ ಬಸ್ಸು ಎರಡೂ ನಿಂತಿದ್ದವು. ಸಂಬಂಧ ಅಷ್ಟು ಕೆಟ್ಟಿದ್ದ ಹೊತ್ತಿನಲ್ಲೂ ಮನಸ್ಸು ಮಾಡಿದರೆ ಆಗುತ್ತದೆ ಎಂದು ತೋರಿಸಿದಿರಿ. ಆದರೆ ಎಲ್ಲರಿಗೂ ಕಾಣಬೇಕಾದ್ದು ದೇವರ ಮನೆಯೇ ಆಗಿರುವುದಿಲ್ಲ, ಅಲ್ವಾ?

ನಾನು ನೋಡಬೇಕೆಂದಿರುವುದನ್ನು ಸ್ವಲ್ಪ ಹೇಳಲೇಬೇಕು. ಪ್ರತಿ ವರ್ಷ ಮಕ್ಕಳಿಗೆ ಸಿಂಧೂ ಕಣಿವೆಯ ಪಾಠ ಮಾಡುವಾಗ ಬೋರ್ಡಿನ ಮೇಲೆ ಮೊಹೆಂಜೊದಾರೊದ ದೊಡ್ಡ ಸ್ನಾನದ ಕೊಳದ ಚಿತ್ರ ಬಿಡಿಸುತ್ತಿದ್ದೆ. ಸುಮಾರು 12 ಮೀಟರ್ ಉದ್ದ, 7 ಮೀಟರ್ ಅಗಲ, ಎರಡೂ ತುದಿಯಲ್ಲಿ ಇಳಿಯಲು ಮೆಟ್ಟಿಲು. ನೀರು ಸೋರದಂತೆ ಇಟ್ಟಿಗೆಗಳನ್ನು ಜಿಪ್ಸಮ್ ಗಾರೆಯಿಂದ ಜೋಡಿಸಿ, ಅದರ ಹಿಂದೆ ಡಾಂಬರಿನಂಥ ಬಿಟುಮೆನ್ ಬಳಿದಿದ್ದರು. ಮಕ್ಕಳು ಕೇಳುತ್ತಿದ್ದರು, ‘ಮೇಷ್ಟ್ರೇ, ನೀವು ನೋಡಿದೀರಾ?’ ಇಲ್ಲ ಎಂದಾಗ ಮುಂದಿನ ಪ್ರಶ್ನೆ, ‘ಯಾಕೆ, ದೂರಾನಾ?’ ದೂರ ಎಂದು ಹೇಳಲು ಬಾಯಿ ಬರುತ್ತಿರಲಿಲ್ಲ. ದುಬೈಗಿಂತ ಹತ್ತಿರ ಇದೆ.

1947ರಲ್ಲಿ ನೆಲ ಮಾತ್ರ ಪಾಲಾಗಲಿಲ್ಲ, ಅಗೆದು ತೆಗೆದ ವಸ್ತುಗಳೂ ಪಾಲಾದವು. ಎಡಗೈ ತುಂಬಾ ಬಳೆ ತೊಟ್ಟು, ಸೊಂಟದ ಮೇಲೆ ಕೈ ಇಟ್ಟು ನಿಂತ ಕಂಚಿನ ನರ್ತಕಿ ನಮಗೆ ಬಂದಳು. ಗೇಣುದ್ದ ಕೂಡ ಇಲ್ಲ ಅವಳು, ಹತ್ತೂವರೆ ಸೆಂಟಿಮೀಟರ್. ದೆಹಲಿಯ ನ್ಯಾಷನಲ್ ಮ್ಯೂಸಿಯಮ್ಮಿನಲ್ಲಿ ಅವಳ ಮುಂದೆ ನಾನು ಬಹಳ ಹೊತ್ತು ನಿಂತಿದ್ದೇನೆ. ಅರ್ಧ ಮುಚ್ಚಿದ ಕಣ್ಣಿನ, ಹೆಗಲ ಮೇಲೆ ಮೂರು ಎಲೆಯ ಚಿತ್ತಾರದ ಶಾಲು ಹೊದ್ದ ‘ಪುರೋಹಿತ ರಾಜ’ ಕರಾಚಿಯ ಮ್ಯೂಸಿಯಮ್ಮಿನಲ್ಲಿದ್ದಾನೆ. ಒಂದು ಹಾರವನ್ನಂತೂ ಬಿಚ್ಚಿ, ಮಣಿಗಳನ್ನು ಎಣಿಸಿ, ಅರ್ಧ ಅವರು ಅರ್ಧ ನಾವು ಇಟ್ಟುಕೊಂಡೆವು. ನಾಲ್ಕು ಸಾವಿರ ವರ್ಷಕ್ಕೂ ಹಿಂದೆ ಯಾರೋ ಒಬ್ಬ ಅಕ್ಕಸಾಲಿ ಒಂದೇ ದಾರಕ್ಕೆ ಪೋಣಿಸಿದ ಮಣಿಗಳು ಅವು. ಅದರ ಎರಡೂ ಅರ್ಧವನ್ನು ಒಬ್ಬ ಫ್ರೆಂಚ್ ಪ್ರವಾಸಿ ಒಂದೇ ವಾರದಲ್ಲಿ ನೋಡಬಹುದಿತ್ತು. ಆ ಪಾಠವನ್ನು ಜೀವನವಿಡೀ ಮಾಡಿದ ನಾನು ನೋಡುವಂತಿಲ್ಲ. ಕರಾಚಿಯ ಇತಿಹಾಸ ಮೇಷ್ಟ್ರು ಗುಜರಾತಿನ ಧೋಲಾವೀರ, ಲೋಥಲ್ ನೋಡುವಂತಿಲ್ಲ. ಇದು ನನಗೆ ನಿಜವಾಗಿಯೂ ನೋವಿನ ವಿಷಯ.

ನಮ್ಮ ಶಾಲೆಯ ಪ್ರಾರ್ಥನೆಯಲ್ಲಿ ಬರುವ ಕಾಶ್ಮೀರದ ಶಾರದೆಯ ಮೂಲ ಪೀಠ ಕೂಡ ನಿಯಂತ್ರಣ ರೇಖೆಯ ಆಚೆ ಇದೆ. 2023ರಲ್ಲಿ ಈಚೆ ಬದಿಯ ಟೀಟ್ವಾಲ್‌ನಲ್ಲಿ ಶೃಂಗೇರಿಯ ವಿಗ್ರಹವಿಟ್ಟು ಗುಡಿ ತೆರೆದರು. ಆಚೆಗೆ ಹೋಗುವ ಪ್ರಶ್ನೆ ವೀಸಾಕ್ಕಿಂತ ದೊಡ್ಡದು. ಆ ನೆಲವೇ ನಮ್ಮದು ಎಂಬ ನಿಲುವು ನಮಗಿದೆ. ಹಾಗಾಗಿ ಅದನ್ನು ಈ ಪತ್ರದಲ್ಲಿ ಬೆರೆಸುವುದಿಲ್ಲ.

ಜನ ಹೋದರೆ ಏನಾಗುತ್ತದೆ ಎಂಬುದನ್ನೂ ನಾವು ಒಮ್ಮೆ ನೋಡಿದ್ದೇವೆ. 2004ರಲ್ಲಿ ನಮ್ಮ ತಂಡ ಕ್ರಿಕೆಟ್ ಆಡಲು ಪಾಕಿಸ್ತಾನಕ್ಕೆ ಹೋದಾಗ ಸಾವಿರಾರು ಭಾರತೀಯರಿಗೆ ಪಂದ್ಯ ನೋಡಲು ವೀಸಾ ಕೊಟ್ಟರು. ಕಾರ್ಗಿಲ್ ಯುದ್ಧ ಮುಗಿದು ಐದು ವರ್ಷವೂ ಆಗಿರಲಿಲ್ಲ. ಸಂಸತ್ತಿನ ಮೇಲೆ ದಾಳಿ ಆಗಿ ಎರಡು ವರ್ಷ ಕಳೆದಿತ್ತಷ್ಟೇ. ನಮ್ಮ ರಾಹುಲ್ ದ್ರಾವಿಡ್ ರಾವಲ್ಪಿಂಡಿಯಲ್ಲಿ 270 ಹೊಡೆದದ್ದು ಆ ಸರಣಿಯಲ್ಲೇ. ಹೋಗಿ ಬಂದವರು ಲಾಹೋರಿನ ಅಂಗಡಿಯವರು, ಟ್ಯಾಕ್ಸಿಯವರು ದುಡ್ಡು ತೆಗೆದುಕೊಳ್ಳಲಿಲ್ಲ ಎಂದು ಪತ್ರಿಕೆಗಳಲ್ಲಿ ಹೇಳಿಕೊಂಡರು. ಮರುವರ್ಷ ಅವರ ತಂಡ ಇಲ್ಲಿಗೆ ಬಂತು. ಬೆಂಗಳೂರಿನಲ್ಲಿ ಯೂನಿಸ್ ಖಾನ್ 267 ಹೊಡೆದು ನಮ್ಮನ್ನು ಸೋಲಿಸಿದರು. 2023ರ ವಿಶ್ವಕಪ್‌ನಲ್ಲಿ ಪಾಕಿಸ್ತಾನ ಮತ್ತೆ ಚಿನ್ನಸ್ವಾಮಿಯಲ್ಲಿ ಆಡುವ ಹೊತ್ತಿಗೆ ಅವರ ಅಭಿಮಾನಿಗಳಿಗೆ, ಪತ್ರಕರ್ತರಿಗೆ ವೀಸಾ ಸಿಗುತ್ತಿಲ್ಲ ಎಂದು ಅವರ ಮಂಡಳಿ ಐಸಿಸಿಗೆ ದೂರು ಕೊಡುವಂತಾಗಿತ್ತು. ಕ್ರಿಕೆಟ್ಟಿನಿಂದ ಶಾಂತಿ ಬಂದುಬಿಡುತ್ತದೆ ಎಂದು ನಾನು ನಂಬಿಲ್ಲ. 2004ರ ಪ್ರೀತಿ 2008ರ ಮುಂಬೈಯನ್ನು ತಡೆಯಲಿಲ್ಲ. ಆದರೂ ಆ ಸಾವಿರಾರು ಜನ ಸುರಕ್ಷಿತವಾಗಿ ಹೋಗಿ ಬಂದರು ಎಂಬುದು ಸತ್ಯ. ಅವರಿಗೆ ಪಾಕಿಸ್ತಾನದ ಬಗ್ಗೆ ಟಿವಿ ಹೇಳಿದ್ದಕ್ಕಿಂತ ಜಾಸ್ತಿ ಗೊತ್ತು ಎಂಬುದೂ ಸತ್ಯ.

ಜಗತ್ತಿನಲ್ಲಿ ನಮಗಿಂತ ಕೆಟ್ಟದಾಗಿ ಜಗಳವಾಡಿದವರಿದ್ದಾರೆ. 1961ರಲ್ಲಿ ಬರ್ಲಿನ್ ಗೋಡೆ ಎದ್ದಿತು. ಪಶ್ಚಿಮ ಬರ್ಲಿನ್ನಿನವರು ಪೂರ್ವದಲ್ಲಿದ್ದ ಅಣ್ಣ ತಮ್ಮಂದಿರ ಮುಖ ನೋಡುವಂತಿರಲಿಲ್ಲ. 1963ರ ಡಿಸೆಂಬರ್‌ನಲ್ಲಿ ಎರಡೂ ಕಡೆಯ ಅಧಿಕಾರಿಗಳು ಕೂತು ಕ್ರಿಸ್‌ಮಸ್ ರಜೆಗೆ ಮಾತ್ರ ಒಂದು ದಿನದ ಪಾಸು ಕೊಡುವ ಏರ್ಪಾಡು ಮಾಡಿದರು. ಕೊರೆಯುವ ಚಳಿಯಲ್ಲಿ ಸಾಲುಗಟ್ಟಿದ ಜನ ಎರಡೂವರೆ ವಾರದಲ್ಲಿ 12 ಲಕ್ಷದಷ್ಟು ಭೇಟಿ ಮಾಡಿದರು. ಯಾರೂ ಯಾರ ನಿಲುವನ್ನೂ ಒಪ್ಪಿರಲಿಲ್ಲ. ಗೋಡೆ ಇನ್ನೂ 26 ವರ್ಷ ನಿಂತಿತ್ತು. ಪಾಸು ಕೊಡುವುದಕ್ಕೆ ಗೋಡೆ ಬೀಳುವವರೆಗೆ ಕಾಯಬೇಕಾಗಿರಲಿಲ್ಲ. ಕೆಟ್ಟ ಉದಾಹರಣೆಯನ್ನೂ ಹೇಳುತ್ತೇನೆ. ದಕ್ಷಿಣ ಕೊರಿಯಾದವರು 1998ರಿಂದ ಉತ್ತರದ ಕುಮ್‌ಗಾಂಗ್ ಬೆಟ್ಟಕ್ಕೆ ಗುಂಪಿನಲ್ಲಿ ಪ್ರವಾಸ ಹೋಗುತ್ತಿದ್ದರು. 2008ರ ಜುಲೈನಲ್ಲಿ ಅಲ್ಲಿನ ಸೈನಿಕ ಒಬ್ಬ ಪ್ರವಾಸಿ ಮಹಿಳೆಯನ್ನು ಗುಂಡಿಟ್ಟು ಕೊಂದ. ಅಲ್ಲಿಗೆ ಪ್ರವಾಸ ನಿಂತಿತು. ಅಪಾಯ ಇಲ್ಲವೇ ಇಲ್ಲ ಎನ್ನುವುದು ನನ್ನ ಮಾತಲ್ಲ. ಹತ್ತು ವರ್ಷ ಅದು ನಡೆಯಿತು ಎಂಬುದನ್ನೂ ಮರೆಯಬೇಡಿ ಎನ್ನುತ್ತಿದ್ದೇನೆ.

ನಮ್ಮದೇ ಸರ್ಕಾರ ಬೇರೆ ಕಡೆ ಇದನ್ನು ಚೆನ್ನಾಗಿ ನಿಭಾಯಿಸಿದೆ. 2020ರ ಜೂನ್‌ನಲ್ಲಿ ಗಾಲ್ವಾನ್‌ನಲ್ಲಿ ನಮ್ಮ 20 ಯೋಧರು ಸತ್ತರು. ಚೀನೀಯರಿಗೆ ಪ್ರವಾಸಿ ವೀಸಾ ವರ್ಷಗಟ್ಟಲೆ ನಿಂತಿತ್ತು. 2025ರಲ್ಲಿ ಕೈಲಾಸ–ಮಾನಸ ಸರೋವರ ಯಾತ್ರೆ ಮತ್ತೆ ಶುರುವಾಯಿತು, ಜುಲೈ 24ರಿಂದ ಪ್ರವಾಸಿ ವೀಸಾ ಕೊಡಲು ಶುರು ಮಾಡಿದಿರಿ. ಗಡಿ ತಕರಾರು ಬಗೆಹರಿದಿಲ್ಲ, ಆದರೂ ಕೊಟ್ಟಿರಿ. ಕೆನಡಾದ ಜೊತೆ 2023ರ ಸೆಪ್ಟೆಂಬರ್‌ನಲ್ಲಿ ವೀಸಾ ನಿಲ್ಲಿಸಿ, ಅಕ್ಟೋಬರ್‌ನಲ್ಲಿ ಕೆಲವು ವರ್ಗಗಳಿಗೆ, ನವೆಂಬರ್‌ನಲ್ಲಿ ಇ-ವೀಸಾಕ್ಕೆ ಒಂದೊಂದಾಗಿ ತೆರೆದಿರಿ. ಒಂದೊಂದೇ ವರ್ಗವಾಗಿ ತೆರೆಯುವ ಅಭ್ಯಾಸ ನಿಮಗಿದೆ. ಪಾಕಿಸ್ತಾನದ ಪರಿಸ್ಥಿತಿ ಚೀನಾದಂತಲ್ಲ, ಕೆನಡಾದಂತೂ ಅಲ್ಲ. ಅಲ್ಲಿಂದ ಬರುವ ಭಯೋತ್ಪಾದನೆಯ ಲೆಕ್ಕ ಬೇರೆ. ಆದ್ದರಿಂದಲೇ ನಾನು ಒಬ್ಬಂಟಿ ಪ್ರವಾಸಿಯ ವೀಸಾ ಕೇಳುತ್ತಿಲ್ಲ, ಆನ್‌ಲೈನ್ ವೀಸಾ ಕೇಳುತ್ತಿಲ್ಲ. ಎಲ್ಲಕ್ಕಿಂತ ಬಿಗಿಯಾದ, ನೀವೇ ಬರೆದಿಟ್ಟ ವರ್ಗವನ್ನು ಕೇಳುತ್ತಿದ್ದೇನೆ.

ಇನ್ನೊಂದು ವಿಷಯ. ಇದು ಪ್ರವಾಸಕ್ಕಿಂತ ಗಂಭೀರವಾದದ್ದು. ವೀಸಾ ನಿಲ್ಲಿಸುವಾಗ ಈಗಾಗಲೇ ಒಳಗೆ ಬಂದಿರುವವರ ಗತಿ ಏನು ಎಂಬುದಕ್ಕೆ ಒಂದು ಲಿಖಿತ ನಿಯಮ ಬೇಕು. 2025ರ ಏಪ್ರಿಲ್ 24ರಂದು ಆದೇಶ ಹೊರಟಿತು. ಏಪ್ರಿಲ್ 27ಕ್ಕೆ ಪಾಕಿಸ್ತಾನಿಗಳ ಹೆಚ್ಚಿನ ವೀಸಾಗಳೆಲ್ಲ ರದ್ದು, ವೈದ್ಯಕೀಯ ವೀಸಾ 29ರವರೆಗೆ. ಅಟ್ಟಾರಿಯಲ್ಲಿ ಆ ದಿನಗಳಲ್ಲಿ ಕಂಡದ್ದನ್ನು ಪತ್ರಿಕೆಗಳು ಬರೆದವು. ತಾಯಿಯ ಕೈಯಲ್ಲಿ ಭಾರತದ ಪಾಸ್‌ಪೋರ್ಟ್, ಮಕ್ಕಳದ್ದು ಪಾಕಿಸ್ತಾನದ್ದು. ಮಕ್ಕಳು ದಾಟಬಹುದು, ತಾಯಿ ದಾಟುವಂತಿಲ್ಲ. ಹೃದಯದ ಚಿಕಿತ್ಸೆಗೆ ಸಿಂಧ್‌ನಿಂದ ಮಕ್ಕಳನ್ನು ಕರೆತಂದಿದ್ದ ಒಂದು ಕುಟುಂಬ ಶಸ್ತ್ರಚಿಕಿತ್ಸೆ ಆಗದೆಯೇ ವಾಪಸ್ ಹೋಯಿತು. ಅದನ್ನು ಓದಿದಾಗ ನನಗೆ 2003 ನೆನಪಾಯಿತು. ಆ ವರ್ಷ ಜುಲೈನಲ್ಲಿ ದೆಹಲಿ–ಲಾಹೋರ್ ಬಸ್ಸು ಮತ್ತೆ ಶುರುವಾದಾಗ ಎರಡು ವರ್ಷದ ಒಂದು ಮಗು ಅದರಲ್ಲಿ ಬಂತು. ಬೆಂಗಳೂರಿನಲ್ಲಿ ಅದರ ಹೃದಯದ ಶಸ್ತ್ರಚಿಕಿತ್ಸೆ ನಡೆಯಿತು. ಆ ಮಗುವಿಗಾಗಿ ಇಡೀ ಕರ್ನಾಟಕ ದೇವರಿಗೆ ಕೈಮುಗಿದಿತ್ತು. ಪಾಕಿಸ್ತಾನದ ಮೇಲೆ ಆಗಲೂ ನಮಗೆ ಸಿಟ್ಟಿತ್ತು. ಸಿಟ್ಟನ್ನು ಆ ಮಗುವಿನ ಮೇಲೆ ಯಾರೂ ತೋರಿಸಲಿಲ್ಲ.

ಭಟ್ಕಳದಂಥ ಊರುಗಳಲ್ಲಿ ಗಡಿಯಾಚೆಗೆ ಮದುವೆ ಸಂಬಂಧ ಇರುವ ಮನೆಗಳಿವೆ. ಅವರಿಗೆ ಪ್ರತಿ ಸಲ ಸುದ್ದಿ ವಾಹಿನಿ ಹಚ್ಚುವಾಗಲೂ ಎದೆ ಹೊಡೆದುಕೊಳ್ಳುತ್ತದೆ. ಹೊಸ ವೀಸಾ ನಿಲ್ಲಿಸುವುದು ಒಂದು. ಕೊಟ್ಟ ವೀಸಾವನ್ನು ಮೂರು ದಿನದಲ್ಲಿ ಕಿತ್ತುಕೊಳ್ಳುವುದು ಇನ್ನೊಂದು. ಮುಂದೆ ಪರಿಸ್ಥಿತಿ ಎಷ್ಟೇ ಕೆಡಲಿ, ಆಸ್ಪತ್ರೆಯಲ್ಲಿ ಮಲಗಿರುವವರಿಗೆ ಚಿಕಿತ್ಸೆ ಮುಗಿಯುವವರೆಗೆ, ಉಳಿದವರಿಗೆ ಸಾಮಾನು ಕಟ್ಟಿಕೊಂಡು ಗಡಿ ಮುಟ್ಟಲು ಕನಿಷ್ಠ ಎರಡು ವಾರ ಎಂದು ಬರೆದಿಡಿ. ಅನುಮಾನ ಇರುವವರನ್ನು ಆ ಎರಡು ವಾರ ಕಣ್ಣಿಟ್ಟು ನೋಡಿಕೊಳ್ಳಿ. ಇದು ಅವರ ಕಡೆಯಲ್ಲಿ ಸಿಕ್ಕಿಹಾಕಿಕೊಳ್ಳುವ ನಮ್ಮವರಿಗೂ ರಕ್ಷಣೆ.

ಹಾಗೆಯೇ, ಕಾನೂನುಬದ್ಧವಾಗಿ ಹೋಗಿ ಬಂದವರನ್ನು ಬರೀ ಹೋಗಿಬಂದ ಕಾರಣಕ್ಕೆ ಅನುಮಾನಿಸಬಾರದು. 2025ರ ಮೇ ತಿಂಗಳಲ್ಲಿ ಗೂಢಚರ್ಯೆಯ ಆರೋಪದ ಮೇಲೆ ಒಂದಷ್ಟು ಬಂಧನಗಳಾದವು. ಅವನ್ನು ನ್ಯಾಯಾಲಯ ನೋಡಿಕೊಳ್ಳುತ್ತದೆ. ಆದರೆ ಆಮೇಲೆ, ಪಾಸ್‌ಪೋರ್ಟಿನಲ್ಲಿ ಪಾಕಿಸ್ತಾನದ ಮುದ್ರೆ ಇದ್ದರೇ ಅಪರಾಧ ಎಂಬಂಥ ಮಾತು ಬೀದಿಯಲ್ಲಿ ಶುರುವಾಗಿದೆ. ಆ ಭಯ ಹೋಗದೆ ನೀವು ವೀಸಾ ಕೊಡಿಸಿದರೂ ಜನ ಹೋಗುವುದಿಲ್ಲ. ಹೋಗುವವರ ಪಟ್ಟಿ ನಿಮ್ಮ ಬಳಿಯೇ ಇರಲಿ. ಬಂದ ಮೇಲೆ ಏನಾದರೂ ಕೇಳುವುದಿದ್ದರೆ ಗಡಿಯಲ್ಲೇ ಕೇಳಿ, ಅಲ್ಲೇ ಮುಗಿಸಿ.

ಈ ಪತ್ರದಲ್ಲಿ ಇಸ್ಲಾಮಾಬಾದಿಗೂ ಅರ್ಧ ಪಾಲಿದೆ. ಅವರು ನಮಗೆ ಕೊಡದಿದ್ದರೆ ನಾವು ಅವರಿಗೆ ಕೊಡಬೇಕಾಗಿಲ್ಲ ಎಂಬುದು ವೀಸಾ ಲೋಕದ ನಿಯಮ, ಗೊತ್ತಿದೆ. ಆದರೆ ನಾನು ಮತ ಹಾಕುವುದು ಇಲ್ಲಿ. ನಾನು ಕೇಳಬಹುದಾದ್ದು ನಿಮ್ಮನ್ನು.

ಕರ್ನಾಟಕದ 28 ಲೋಕಸಭಾ ಸದಸ್ಯರಿಗೂ ಈ ಪತ್ರದ ಪ್ರತಿಯನ್ನು ಕಳಿಸುತ್ತಿದ್ದೇನೆ. ಅವರಲ್ಲಿ ಯಾರಾದರೂ ಒಬ್ಬರು ಮುಂದಿನ ಅಧಿವೇಶನದಲ್ಲಿ ಲಿಖಿತ ಪ್ರಶ್ನೆ ಕೇಳಲಿ. 2012ರ ಸೆಪ್ಟೆಂಬರ್ 8ರ ವೀಸಾ ಒಪ್ಪಂದ ಇವತ್ತು ಜಾರಿಯಲ್ಲಿದೆಯೇ, ಇಲ್ಲವೇ? ಇದ್ದರೆ ಅದರ ಯಾವ ಯಾವ ಕಲಮುಗಳನ್ನು ತಡೆಹಿಡಿಯಲಾಗಿದೆ, ಯಾವ ಆದೇಶದಿಂದ? ಗುಂಪು ಪ್ರವಾಸಿ ವೀಸಾಕ್ಕೆ ಟೂರ್ ಆಪರೇಟರ್‌ಗಳ ಪಟ್ಟಿಯನ್ನು ಒಮ್ಮೆಯಾದರೂ ಸಿದ್ಧಮಾಡಿದ್ದರೇ? ಅರ್ಜಿ ಬಂದರೆ ಎಷ್ಟು ದಿನದೊಳಗೆ ಕೊಡುತ್ತೇವೆ ಅಥವಾ ಇಲ್ಲ ಎಂದು ಕಾರಣ ಸಮೇತ ಉತ್ತರ ಹೇಳುತ್ತೀರಿ? ಈ ನಾಲ್ಕಕ್ಕೆ ಸದನದ ಮೇಜಿನ ಮೇಲೆ ಉತ್ತರ ಬಂದರೆ, ಮುಂದೆ ಏನು ಮಾಡಬೇಕು ಎಂಬುದು ನನ್ನಂಥವರಿಗೆ ತಿಳಿಯುತ್ತದೆ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಇತಿಹಾಸ ಶಿಕ್ಷಕ